ಹೂಗಾರರ ಮೌನಕ್ಕಾಗಿ ನಡೆದ ಎರಡು ನಿಮಿಷದ ಯುದ್ಧ

ಯಾವ ಯುಗದಲ್ಲಿ ಮನುಷ್ಯನ ಮುಖಕ್ಕಿಂತ ಅವನ ಹೆಬ್ಬೆರಳಿಗೆ ಹೆಚ್ಚು ಮಾನ್ಯತೆಯೋ, ಯಾವ ಯುಗದಲ್ಲಿ ಕಾಲವು ಸೂರ್ಯಚಂದ್ರರ ಅಧೀನವನ್ನು ಬಿಟ್ಟು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಯಂತ್ರದ ಅಧೀನಕ್ಕೆ ಬಂದಿತೋ, ಯಾವ ಯುಗದಲ್ಲಿ ಮನುಷ್ಯನನ್ನು ಸಂಪನ್ಮೂಲವೆಂದು ಕರೆದು ಆ ಸಂಪನ್ಮೂಲಕ್ಕೊಂದು ವಿಭಾಗವನ್ನೂ ಆ ವಿಭಾಗಕ್ಕೊಂದು ತಣ್ಣನೆಯ ಕೋಣೆಯನ್ನೂ ಕಟ್ಟಿಕೊಟ್ಟರೋ, ಆ ಯುಗದ ಒಂದು ಬುಧವಾರ, ಮೊದಲ ಪಾಳಿಯ ಚಹಾದ ವೇಳೆಗೆ, ಹುಬ್ಬಳ್ಳಿಯ ಹೊರಗಿನ ಕೈಗಾರಿಕಾ ವಸಾಹತಿನ ವಜ್ರಕಾಯ ವಾಲ್ವ್ಸ್ ಎಂಬ ಕಾರ್ಖಾನೆಗೆ ಸುದ್ದಿ ಬಂದಿತು: ಟೈಮ್ ಕೀಪರ್ ಗುರುಶಾಂತಪ್ಪ ಹೂಗಾರರು ಇನ್ನಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತವರು ಕುಳಿತಲ್ಲಿಯೇ ಶಿವನ ಪಾದ ಸೇರಿದ್ದರು. ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದ ಮನುಷ್ಯನಲ್ಲ. ಏಳು ಗಂಟೆಗೆ ಅವರ ಕುರ್ಚಿ ಖಾಲಿ ಇದ್ದುದನ್ನು ಕಂಡಾಗಲೇ ಗೇಟಿನ ವಾಚ್‌ಮನ್ನನ ಎದೆ ಝಲ್ಲೆಂದಿತ್ತಂತೆ.

ಮೊದಲ ಪೂಜೆಗೆ ಸಲ್ಲುವ ಗಣನಾಥನೇ, ಮೆಮೊ ಬರೆಯುವವರನ್ನೂ ಮೆಮೊ ಪಡೆಯುವವರನ್ನೂ ಸಮನಾಗಿ ಕಾಯುವ ಪರಶಿವನೇ, ನಾಲಿಗೆಯ ತುದಿಯಲ್ಲಿ ನಿಲ್ಲುವ ವಾಗ್ದೇವಿಯೇ, ಹರಸಿರಿ. ಹೇಳಬೇಕಾಗಿರುವುದು ಘೋರ ಸಂಗ್ರಾಮ. ಸೇನೆಗಳು ಎರಡು. ಕಾಲಾವಧಿ ಮೂರು ದಿನ. ಗೆಲ್ಲಬೇಕಾದ ಸಾಮ್ರಾಜ್ಯದ ವಿಸ್ತೀರ್ಣ ಎರಡು ನಿಮಿಷ.

ಈ ಸಂಗ್ರಾಮದ ನಾಯಕಿ ನೀಲಾಂಬಿಕಾ ಸವಣೂರ. ಅವಳನ್ನು ಹೇಗೆ ಬಣ್ಣಿಸಲಿ! ಸಮಾಜಕಾರ್ಯಸ್ನಾತಕೋತ್ತರಪದವೀವಿಭೂಷಿತೆ, ಕಂಠಲಂಬಿತನೀಲಪಟ್ಟಿಕಾಗುರುತುಚೀಟಿಶೋಭಿತೆ, ದ್ವಾದಶಮಾಸಷಡ್ವಿಭಾಗಪರಿಭ್ರಮಣವ್ರತನಿಷ್ಠೆ. ಬಿಡಿಸಿ ಹೇಳುವುದಾದರೆ, ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿದ ಈ ಹುಡುಗಿಯನ್ನು ಕಂಪನಿ ಒಂದು ವರ್ಷದ ಮಟ್ಟಿಗೆ ಎಚ್.ಆರ್. ಅಪ್ರೆಂಟಿಸ್ ಎಂದು ತೆಗೆದುಕೊಂಡಿತ್ತು. ಎರಡೆರಡು ತಿಂಗಳಿಗೆ ಒಂದೊಂದು ವಿಭಾಗ: ಟೈಮ್ ಆಫೀಸು, ನೇಮಕಾತಿ, ತರಬೇತಿ, ಕಾರ್ಮಿಕ ಸಂಬಂಧ, ಕ್ಯಾಂಟೀನು, ಸುರಕ್ಷತೆ. ಗಾಣದ ಎತ್ತಿನಂತೆ ಆರನ್ನೂ ಸುತ್ತಿ ಬಂದರೆ ಅಧಿಕಾರಿಯ ಕುರ್ಚಿ. ಈಗ ಅವಳು ನಾಲ್ಕನೆಯ ಸುತ್ತಿನಲ್ಲಿ, ಕಾರ್ಮಿಕ ಸಂಬಂಧದಲ್ಲಿ ಇದ್ದಳು.

ಮೊದಲ ಸುತ್ತು ಮಾತ್ರ ಹೂಗಾರರ ಕೈಕೆಳಗೆ. ಎರಡು ತಿಂಗಳು ಅವರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದಳು. ಹೆಬ್ಬೆರಳಿನ ಯಂತ್ರ ಬಂದ ಮೇಲೂ ಅವರು ತಮ್ಮ ಹಾಜರಿ ಪುಸ್ತಕವನ್ನು ಬಿಟ್ಟಿರಲಿಲ್ಲ. ತಡವಾಗಿ ಬಂದವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ದಿನಾ ಬೆಳಿಗ್ಗೆ ಯಂತ್ರದ ನೆತ್ತಿಗೆ ಒಂದು ಸೇವಂತಿಗೆ ಏರಿಸುತ್ತಿದ್ದರು. "ತಂಗಿ, ಕಾರ್ಡ ನೋಡಬ್ಯಾಡ, ಮಾರಿ ನೋಡು" ಎಂದು ಮೊದಲ ದಿನವೇ ಹೇಳಿದ್ದರು. "ತಡಾ ಆಗಿ ಬಂದವಗ ಮೊದಲ 'ಉಂಡೇನಪಾ' ಅಂತ ಕೇಳು. ಕೆಂಪ ಶಾಯಿ ಆಮ್ಯಾಲೆ ತಗೀ." ಎರಡು ವರ್ಷದ ಎಂ.ಎಸ್.ಡಬ್ಲ್ಯು. ಪಾಠಗಳಲ್ಲಿ ಈ ಮಾತು ಎಲ್ಲಿಯೂ ಬಂದಿರಲಿಲ್ಲ.

ಇನ್ನು ಯುದ್ಧದ ಕಾರಣ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಕೆಲಸದಲ್ಲಿ ಇರುವಾಗ ಯಾರಾದರೂ ತೀರಿಕೊಂಡರೆ ಎಲ್ಲರೂ ಗೇಟಿನ ಮುಂದಿನ ಬಯಲಿನಲ್ಲಿ ಸೇರಿ ಎರಡು ನಿಮಿಷ ಮೌನವಾಗಿ ನಿಲ್ಲುವುದು. ಆ ಎರಡು ನಿಮಿಷ ಯಾರ ಹೊತ್ತಿನದು, ಕಂಪನಿಯದೋ ಕಾರ್ಮಿಕರದೋ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎಂಟು ತಿಂಗಳ ಹಿಂದೆ ಬಂದ ಹೊಸ ಪ್ರೊಡಕ್ಷನ್ ಮ್ಯಾನೇಜರ್ ಶ್ರೀಪಾದ ಗಲಗಲಿ ಕೇಳಿದರು. ಯೂನಿಯನ್ ಕಾರ್ಯದರ್ಶಿ ದಾವಲಸಾಬ ನದಾಫ್ ಉತ್ತರ ಕೊಟ್ಟರು. ರಣಭೇರಿ ಮೊಳಗಿತು.

ಬುಧವಾರ ಮಧ್ಯಾಹ್ನವೇ ಎಚ್.ಆರ್. ಮ್ಯಾನೇಜರ್ ವಿದ್ಯಾ ಕಾಮತರು ನೀಲಾಂಬಿಕಾಳನ್ನು ಕರೆದರು. ಕುಮಟೆಯ ಕಡೆಯವರು, ಬಿಸಿ ಮಾತನ್ನೂ ತಣ್ಣಗೆ ಆಡುವವರು.

"ನೋಡು ಮಾರಾಯ್ತಿ, ನೀನೀಗ ಕಾರ್ಮಿಕ ಸಂಬಂಧದಲ್ಲಿ ಇದ್ದೀಯ. ಇದೇ ನಿನ್ನ ಪರೀಕ್ಷೆ ಅಂತ ತಿಳ್ಕೋ. ಚಹಾದ ಹೊತ್ತಲ್ಲೇ ನಿಲ್ಲಲಿ ಅಂತ ಗಲಗಲಿಯವರು. ಕೆಲಸದ ಹೊತ್ತಲ್ಲೇ ನಿಲ್ಲೋದು ಅಂತ ನದಾಫರು. ಶನಿವಾರ ಬೆಳಿಗ್ಗೆಯೊಳಗೆ ಇಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಮೌನ ಆಗ್ತದೆ. ಇಲ್ದಿದ್ರೆ ಹೆಡ್ ಆಫೀಸಿನವರು ಹೇಳಿದ ಹಾಗೆ ಎಲ್ಲರಿಗೂ ಒಂದು ಇ-ಮೇಲ್. ಮೇಣದಬತ್ತಿ ಚಿತ್ರ ಹಾಕಿ."

"ಮೇಡಮ್, ಮಷೀನಿನ ಮ್ಯಾಲಿನ ಮಂದಿಗೆ ಇ-ಮೇಲ್ ಇಲ್ರಿ."

"ನಂಗೆ ಗೊತ್ತುಂಟು. ಹೆಡ್ ಆಫೀಸಿಗೆ ಗೊತ್ತಿಲ್ಲ."

ನೀಲಾಂಬಿಕಾ ಹೆಂಗಸರ ಲಾಕರ್ ಕೋಣೆಗೆ ಹೋದಳು. ಕನ್ನಡಿಯ ಮುಂದೆ ನಿಂತಳು. ಮುನ್ನೂರ ನಲವತ್ತು ಜನರ ಮುಖವನ್ನು ಮೂವತ್ತೆರಡು ವರ್ಷ ಓದಿದ ಮನುಷ್ಯನಿಗೆ ಒಂದು ಚಿತ್ರದ ಮೇಣದಬತ್ತಿ! ಅವಳ ಹೃದಯಕುಹರದಿಂದ ಆಗ ಎದ್ದ ಪ್ರತಿಜ್ಞಾಘೋಷ ಹೀಗಿತ್ತು: "ಎಲೈ ವಿದ್ಯುನ್ಮಯದೀಪವೇ! ಉರಿದರೂ ಕರಗದ, ಕರಗದೆ ಅಳಲಾರದ ಮಾಯಾಜ್ಯೋತಿಯೇ! ಸೂರ್ಯನು ಮೂರು ಬಾರಿ ಮೂಡುವುದರೊಳಗೆ ನನ್ನ ಗುರುವಿಗೆ ಸಲ್ಲಬೇಕಾದ ಮೌನವನ್ನು ಎರಡೂ ಸೇನೆಗಳ ಕೈಯಿಂದ ಕಿತ್ತು ತಂದು ಅವರ ಪಾದಕ್ಕೆ ಅರ್ಪಿಸದಿದ್ದರೆ, ಈ ಗುರುತುಚೀಟಿಯನ್ನು ಕೊರಳಿಂದ ತೆಗೆದಿಡುವೆನು!" ಹೊರಗೆ ಕೇಳಿಸಿದ್ದು ಮಾತ್ರ "ಮಾಡೇ ಬಿಡ್ತೀನಿ" ಎಂಬಷ್ಟೇ. ಕೈ ತೊಳೆದುಕೊಳ್ಳುತ್ತಿದ್ದ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು "ಏನವಾ?" ಎಂದು ಕೇಳಿದಳು. "ಏನಿಲ್ರಿ" ಎಂದು ಹೇಳಿ ನಾಯಕಿ ರಣರಂಗಕ್ಕೆ ಹೊರಟಳು.

ಗುರುವಾರ ಬೆಳಿಗ್ಗೆ ಮೊದಲ ರಾಯಭಾರ. ಮಾಸಿಕಲಕ್ಷ್ಯಭೇದನವಿಶಾರದನೂ, ತ್ರಿವರ್ಣಲೇಖನೀಶೋಭಿತವಕ್ಷಸ್ಥಲನೂ ಆದ ಗಲಗಲಿಯವರು ತಮ್ಮ ಗಾಜಿನ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಬೋರ್ಡಿನ ಮುಂದೆ ನಿಂತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಕೆಂಪು ಪೆನ್ನನ್ನು ಖಡ್ಗದಂತೆ ಎತ್ತಿ ಗರ್ಜಿಸಿದರು:

"ಎರಡು ನಿಮಿಷವೆಂದು ಬಗೆದೆಯಾ, ಬಾಲೆ? ಮುನ್ನೂರ ನಲವತ್ತು ಜೋಡಿ ಭುಜಗಳು ಎರಡು ನಿಮಿಷ ನಿಂತರೆ ಆರುನೂರ ಎಂಬತ್ತು ನಿಮಿಷ! ಅಂದರೆ ಹನ್ನೊಂದು ತಾಸು ಇಪ್ಪತ್ತು ನಿಮಿಷದ ಮಾನವಶ್ರಮ! ಒಮ್ಮೆ ನಿಂತ ಫರ್ನೇಸು ಮತ್ತೆ ಕಾಯಲು ಪಡುವ ಕಷ್ಟವನ್ನು ನೀನು ಕಂಡಿರುವೆಯಾ? ನಾನಿರುವ ತನಕ ಈ ಲೈನು ನಿಲ್ಲದು, ನಿಲ್ಲದು, ನಿಲ್ಲದು!"

ಬೋರ್ಡಿನ ಮೇಲೆ ಲೆಕ್ಕ ಬರೆದು ಕೆಳಗೆ ಎರಡು ಗೀಟು ಎಳೆದ ಮೇಲೆ ಅವರ ದನಿ ಇಳಿಯಿತು. ಕುರ್ಚಿ ತೋರಿಸಿದರು.

"ಕೂಡು ತಂಗಿ. ಹೂಗಾರರ ಮ್ಯಾಲೆ ನನಗ ಗೌರವ ಇಲ್ಲಂತಲ್ಲ. ಖರೇ ಹೇಳ್ಬೇಕಂದ್ರ, ನಾ ಹೊಸದಾಗಿ ಬಂದಾಗ ಮೂರ ದಿವಸ ತಡಾ ಬಂದೆ. ಮೂರೂ ದಿವಸ ನನ್ನ ಹೆಸರು ಕೆಂಪ ಶಾಯಿಲೆ ಬರದ್ರು. ಮ್ಯಾನೇಜರ್ ಇದ್ದಾನ ಅಂತ ಬಿಡಲಿಲ್ಲ. ಅಂಥಾವ್ರು ಈಗಿದ್ರ ತಾವ ಹೇಳ್ತಿದ್ರು, ಲೈನ್ ನಿಂದರಸಬ್ಯಾಡ್ರಿ ಅಂತ."

"ಮೊದಲ ಉಂಡೀರೇನ್ರಿ ಅಂತ ಕೇಳಿದ್ರೇನ್ರಿ ಸರ, ಬರಿಯೋಕಿಂತ ಮುಂಚೆ?"

ಗಲಗಲಿಯವರು ಪೆನ್ನಿನ ಮುಚ್ಚಳ ಹಾಕಿದರು. "ಕೇಳಿದ್ರು," ಎಂದರು. "ಆದ್ರೂ ಚಾ ಟೈಮಿನ್ಯಾಗ ಇಟ್ಟಕೋರಿ."

ಎರಡನೆಯ ರಾಯಭಾರ ಕ್ಯಾಂಟೀನಿಗೆ. ಅಲ್ಲಿ ಮೂಲೆಯ ಬೆಂಚಿನ ಮೇಲೆ, ಮೇಜುಕುಟ್ಟಣಘೋಷಕಂಪಿತದಿಗಂತನೂ ಹರತಾಳಮಹಾರ್ಣವಕರ್ಣಧಾರನೂ ಆದ ದಾವಲಸಾಬ ನದಾಫರು ತಟ್ಟೆಯಲ್ಲಿ ಚಹಾ ಆರಿಸಿಕೊಂಡು ಕುಳಿತಿದ್ದರು. ಗಲಗಲಿಯವರ ಮಾತನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ಮೇಜಿನ ಮೇಲೆ ಮುಷ್ಟಿ ಬಿತ್ತು. ಸುತ್ತಲಿನ ಲೋಟಗಳು ಒಂದು ಗೇಣು ಹಾರಿದವು.

"ಕೇಳಿರೈ ಸಮಸ್ತ ಶ್ರಮಿಕವೀರರೇ! ಹದಿನೆಂಟು ವರ್ಷದ ಹಿಂದೆ ಹನ್ನೊಂದು ದಿನ ಗೇಟಿನ ಹೊರಗೆ ಬಿಸಿಲು ಕುಡಿದು ಗೆದ್ದ ಭೂಮಿ ಇದು! ಹತ್ತು ಗಂಟೆಯಿಂದ ಹತ್ತೂ ಹತ್ತರವರೆಗಿನ ಚಹಾಸಾಮ್ರಾಜ್ಯದ ಒಂದು ಕ್ಷಣವನ್ನೂ, ಒಂದು ಗುಟುಕನ್ನೂ, ಸಕ್ಕರೆಯ ಒಂದು ಹರಳನ್ನೂ ಶತ್ರುವಿಗೆ ಒಪ್ಪಿಸೆನು!"

ಶ್ರಮಿಕವೀರರು ಚಪ್ಪಾಳೆ ತಟ್ಟಿ ಮತ್ತೆ ಮಂಡಕ್ಕಿಗೆ ಕೈ ಹಾಕಿದರು. ನದಾಫರು ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

"ಬಾ ಬೇಟಾ, ಕುಂದರ. ನಿನ್ನ ಮ್ಯಾಲೆ ನಂದೇನ್ ಸಿಟ್ಟಿಲ್ಲ. ಹೂಗಾರ ಅಣ್ಣಾರು ಅಂದ್ರ ನಮಗ ಹಿರಿಯಣ್ಣ ಇದ್ದಂಗ. ಆದ್ರ ಈ ಮಂದಿ ಹೆಂಗಂದ್ರ, ಸತ್ತವ್ರ ಹೆಸರಲೆ ಸುರು ಮಾಡ್ತಾರ, ಜೀವಂತ ಇದ್ದವ್ರ ಚಾದಾಗ ಮುಗಸ್ತಾರ. ಇವತ್ತ ಎರಡ ಮಿನಿಟ ಕೊಟ್ಟರ ನಾಳೆ ಮೀಟಿಂಗ ಚಾದಾಗ, ನಾಡದ ಟ್ರೇನಿಂಗ ಚಾದಾಗ."

"ಹಂಗಾರ ಶನಿವಾರ ಮೇಣದಬತ್ತಿ ಬರತೈತ್ರಿ ಕಾಕಾ."

"ಎಲ್ಲಿ ಬರತೈತಿ?"

"ಇ-ಮೇಲಿನ್ಯಾಗ."

"ಅದನ್ನ ಎಲ್ಲಿ ಹಚ್ಚೂದು?" ಎಂದು ನದಾಫರು ಕೇಳಿದರು. ಅದು ಅಣಕವಾಗಿರಲಿಲ್ಲ, ನಿಜವಾಗಿಯೇ ಕೇಳಿದ್ದರು.

ಆ ದಿನ ಮತ್ತು ಮರುದಿನ ಅವಳು ಹತ್ತಿ ಇಳಿದ ಮೆಟ್ಟಿಲುಗಳನ್ನು ಎಣಿಸಿದವರು ಯಾರು? ಮೇಲಿನ ಗಾಜಿನ ಕೋಣೆಯಿಂದ ಕೆಳಗಿನ ಕ್ಯಾಂಟೀನಿಗೆ ಇಪ್ಪತ್ತೆರಡು ಮೆಟ್ಟಿಲು. ಏಳು ಬಾರಿ ಹೋದಳು, ಏಳು ಬಾರಿ ಬಂದಳು. ಗಲಗಲಿಯವರು ಒಂದು ಹೊಸ ಅಸ್ತ್ರ ಬಿಟ್ಟರು: ಮಷೀನು ಚಾಲೂ ಇರಲಿ, ಮಂದಿ ನಿಂತಲ್ಲೇ ಸುಮ್ಮನಿರಲಿ. "ಮಷೀನ ಚಾಲೂ ಇದ್ರ ಮೌನ ಯಾರಿಗೆ ಕೇಳಸ್ತೈತಿ?" ಎಂದು ಕೆಳಗಿನಿಂದ ಪ್ರತ್ಯಸ್ತ್ರ ಹಾರಿತು. ಊಟದ ಹೊತ್ತು ಎಂದರು ಮೇಲಿನವರು. ಅನ್ನದ ಮುಂದೆ ಸೂತಕದ ಮಾತು ಬೇಡ ಎಂದರು ಕೆಳಗಿನವರು. ಪಾಳಿ ಮುಗಿದ ಮೇಲೆ ಎಂದರೆ, ಕಂಪನಿಯ ಬಸ್ಸು ಎರಡು ನಿಮಿಷ ಕಾಯುತ್ತದೆಯೋ ಎಂಬ ಪ್ರಶ್ನೆ ಬಂದಿತು. ಬಸ್ಸಿನ ಗುತ್ತಿಗೆದಾರ ಕಾಯುವುದಿಲ್ಲವೆಂದ. ಮಾತು ಅಲ್ಲಿಗೆ ಮುರಿಯಿತು.

ಶುಕ್ರವಾರ ಮಧ್ಯಾಹ್ನ ನಾಯಕಿ ಹನ್ನೊಂದನೆಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತಳು. ಕಾಲು ನೋಯುತ್ತಿತ್ತು. ಕಣ್ಣು ತುಂಬಿತ್ತು. ನಾಳೆ ಬೆಳಿಗ್ಗೆ ಮೇಣದಬತ್ತಿ ಹೊರಡುತ್ತದೆ. ಇ-ಮೇಲ್ ಇರುವ ಕಚೇರಿಯ ನಲವತ್ತು ಜನ ಅದನ್ನು ನೋಡುತ್ತಾರೆ. ಮಷೀನಿನ ಮೇಲಿನ ಮುನ್ನೂರು ಜನ ನೋಡುವುದಿಲ್ಲ. ಎದುರಿನ ಗೋಡೆಯ ಮೇಲೆ ಗಡಿಯಾರವಿತ್ತು. ಅದನ್ನು ನೋಡುತ್ತ ನೋಡುತ್ತ, ಮೇಲಕ್ಕೂ ಕೆಳಕ್ಕೂ ಸರಿಸಮ ದೂರದಲ್ಲಿ ಕುಳಿತಿದ್ದ ಅವಳಿಗೆ ತಟ್ಟನೆ ದಿವ್ಯದರ್ಶನವಾಯಿತು. ಹತ್ತೂ ಒಂಬತ್ತಕ್ಕೆ ಶುರು. ಹತ್ತೂ ಹನ್ನೊಂದಕ್ಕೆ ಮುಗಿತಾಯ. ಚಹಾದ ಕೊನೆಯ ನಿಮಿಷ ಒಂದು, ಕೆಲಸದ ಮೊದಲ ನಿಮಿಷ ಒಂದು!

ಮೇಲಕ್ಕೆ ಓಡಿದಳು. "ಒಂದ ಮಿನಿಟ ಅಷ್ಟನ?" ಎಂದು ಗಲಗಲಿಯವರು ಬೋರ್ಡಿನ ಕಡೆ ತಿರುಗಿದರು. "ಐದ ತಾಸು ನಲವತ್ತ ಮಿನಿಟ. ಹ್ಞೂಂ. ಅವ್ರು ಒಪ್ಪಿದ್ರ ನಂದೂ ಒಪ್ಪಿಗಿ."

ಕೆಳಕ್ಕೆ ಓಡಿದಳು. "ಅವ್ರು ಖರೇನ ಒಂದ ಮಿನಿಟ ಬಿಟ್ಟುಕೊಟ್ರ?" ಎಂದು ನದಾಫರು ತಟ್ಟೆ ಕೆಳಗಿಟ್ಟರು. "ಮೊದಲ ಅವ್ರ ಸಹಿ ತೋರ್ಸು."

ಗಲಗಲಿಯವರಿಗೂ ಮೊದಲು ನದಾಫರ ಸಹಿ ಬೇಕಿತ್ತು. ಕೊನೆಗೆ ಎರಡು ಪ್ರತಿ ತೆಗೆದು, ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಇಟ್ಟು, ಇಬ್ಬರಿಗೂ ಫೋನ್ ಹಚ್ಚಿಸಿ "ಒಂದು, ಎರಡು, ಮೂರು" ಎಂದು ಎಣಿಸಿ ಏಕಕಾಲಕ್ಕೆ ಸಹಿ ಹಾಕಿಸಿದಳು. ಚರಿತ್ರೆಯಲ್ಲಿ ಇಂಥ ಸಂಧಿ ಹಿಂದೆ ಆಗಿಲ್ಲ.

ಸಂಧಿಪತ್ರದಲ್ಲಿ ಏಳು ಕಲಮುಗಳಿದ್ದವು, ಏಳನ್ನೂ ಅವಳೇ ಟೈಪ್ ಮಾಡಿದ್ದಳು. ಎಲ್ಲಿ ನಿಲ್ಲಬೇಕು. ಬಲಗಡೆ ಯಾರು, ಎಡಗಡೆ ಯಾರು. ಹೆಲ್ಮೆಟ್ ತೆಗೆದು ಎಡಗೈಯಲ್ಲಿ ಹಿಡಿಯುವುದು. ಮೊಬೈಲು ಬಂದ್. ಭಾವಚಿತ್ರಕ್ಕೆ ಮಾಲೆಯನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಹಾಕುವುದು. ಹತ್ತೂ ಹತ್ತಕ್ಕೆ ಚಹಾ ಮುಗಿಯಿತೆಂದು ಕೂಗುವ ಭೋಂಗಾ ಮೌನದ ನಟ್ಟನಡುವೆ ಬೀಳುತ್ತದಾದ್ದರಿಂದ ಅಂದು ಅದನ್ನು ನಿಲ್ಲಿಸುವುದು. ಏಳನೆಯದು, ಹತ್ತೂ ಒಂಬತ್ತಕ್ಕೆ ಸರಿಯಾಗಿ ನದಾಫರು "ಮೌನ" ಎಂದು ಹೇಳುವುದು. ಕಾಮತರು ಓದಿ ನೋಡಿ, "ಒಂದೂ ಬಿಟ್ಟಿಲ್ಲ ನೀನು," ಎಂದು ಮೆಚ್ಚಿದರು. ಮೇಣದಬತ್ತಿ ಸೋತು ಹಿಮ್ಮೆಟ್ಟಿತು.

ಶನಿವಾರ. ಆಹಾ, ಆ ರಣರಂಗದ ಶೋಭೆ! ನೀಲವಸ್ತ್ರಧಾರಿಗಳಾದ ಯಂತ್ರವೀರರು ಬಲಕ್ಕೆ, ಬಿಳಿಯಂಗಿಯ ಕಚೇರಿವೀರರು ಎಡಕ್ಕೆ. ಎಣ್ಣೆಯ ವಾಸನೆ, ಚಹಾದ ವಾಸನೆ, ಸೇವಂತಿಗೆಯ ವಾಸನೆ. ನಡುವೆ ಕುರ್ಚಿಯ ಮೇಲೆ ಹೂಗಾರರ ಭಾವಚಿತ್ರ. ಬೇರೆ ಪಟ ಸಿಗದೆ ಗುರುತುಚೀಟಿಯ ಪಟವನ್ನೇ ದೊಡ್ಡದು ಮಾಡಿಸಿದ್ದರು. ಕ್ಯಾಮೆರಾದವನಿಗೆ ತಡವಾಯಿತೇನಪ್ಪ ಎಂದು ಕೇಳುವಂತೆ ಅವರು ನೋಡುತ್ತಿದ್ದರು. ಇಬ್ಬರು ಮಹಾರಥರು ಮಾಲೆಯ ಎರಡು ತುದಿ ಹಿಡಿದು ಏರಿಸಿದರು. ಹತ್ತೂ ಒಂಬತ್ತು. ಒಳಗೆ ಪ್ರೆಸ್ಸು, ಲೇತು, ಕಂಪ್ರೆಸರು ಎಲ್ಲವೂ ಆಗಲೇ ಒಂದೊಂದಾಗಿ ಉಸಿರು ಬಿಟ್ಟು ನಿಂತಿದ್ದವು.

"ಮೌನ," ಎಂದರು ನದಾಫರು.

ಮೌನ ಬಂದಿತು. ಆ ಬಯಲಿನ ಬೇವಿನ ಮರದಲ್ಲಿ ಗುಬ್ಬಿಗಳಿವೆ ಎಂದು ಅನೇಕರಿಗೆ ತಿಳಿದದ್ದು ಆಗಲೇ. ಎಲ್ಲಿಯೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ನೀಲಾಂಬಿಕಾ ಕಣ್ಣು ಮುಚ್ಚಿದಳು. ಮೂರು ದಿನ ಹೂಗಾರರಿಗಾಗಿ ಓಡಿದ್ದಳೇ ಹೊರತು ಅವರನ್ನು ನೆನೆಯಲು ಪುರಸೊತ್ತು ಸಿಕ್ಕಿರಲಿಲ್ಲ. ಈಗ ನೆನೆದಳು. ತಾನು ಮೊದಲ ದಿನ ಊಟ ತಂದಿರಲಿಲ್ಲವೆಂದು ಅವರು ತಮ್ಮ ರೊಟ್ಟಿ ಮುರಿದು ಕೊಟ್ಟದ್ದು ನೆನಪಾಯಿತು. ಸದ್ದಿಲ್ಲದೆ ಅತ್ತಳು.

ಅತ್ತು ಮುಗಿಸಿ ಕಣ್ಣು ತೆರೆದಾಗ ಹತ್ತೂ ಹದಿಮೂರು.

ಯಾರೂ ಕದಲಿರಲಿಲ್ಲ. ಅವಳು ಪಕ್ಕಕ್ಕೆ ಕಣ್ಣು ಹೊರಳಿಸಿದಳು. ಗಲಗಲಿಯವರು ತಲೆ ಬಾಗಿಸಿಕೊಂಡೇ ಕೈಗಡಿಯಾರವನ್ನು ವಾರೆಗಣ್ಣಿನಲ್ಲಿ ನೋಡುತ್ತಿದ್ದರು, ಹಣೆಯಲ್ಲಿ ಬೆವರು. ಮೊದಲು ತಲೆ ಎತ್ತಿದರೆ, ಸತ್ತವರಿಗೆ ಎರಡು ನಿಮಿಷ ಕೊಡಲು ಹೊಟ್ಟೆ ಉರಿಯಿತು ಎಂದು ಮುನ್ನೂರ ನಲವತ್ತು ಜನ ಆಡಿಕೊಳ್ಳುತ್ತಾರೆ. ನದಾಫರು ಕಲ್ಲಿನಂತೆ ನಿಂತಿದ್ದರು. ಹಿರಿಯಣ್ಣನ ಮೌನವನ್ನು ಮೊದಲು ಮುರಿದವನು ಯೂನಿಯನ್ನಿನವನು ಎಂಬ ಮಾತು ಬರಗೊಡುವ ಆಸಾಮಿಯಲ್ಲ ಅವರು. ಮಿಕ್ಕವರು ಇವರಿಬ್ಬರನ್ನು ನೋಡುತ್ತಿದ್ದರು. ಭೋಂಗಾ ಸಂಧಿಯ ಪ್ರಕಾರ ಸುಮ್ಮನಿತ್ತು. ಹತ್ತೂ ಹದಿನಾರು. ಫರ್ನೇಸು ಆರತೊಡಗಿತು. ಹತ್ತೂ ಹದಿನೆಂಟು.

ನೀಲಾಂಬಿಕಾ ಮನಸ್ಸಿನಲ್ಲಿಯೇ ಏಳೂ ಕಲಮುಗಳನ್ನು ಮೇಲಿಂದ ಕೆಳಗೆ ಓದಿದಳು, ಕೆಳಗಿಂದ ಮೇಲೆ ಓದಿದಳು. ಶುರು ಮಾಡುವವರು ಯಾರೆಂದಿತ್ತು. ಮುಗಿಸುವವರು ಯಾರೆಂದು ಇರಲಿಲ್ಲ.

ಹಿಂದೆ ಯಾರು ಮುಗಿಸುತ್ತಿದ್ದರು? ಹಾಗೆ ಕೇಳಿಕೊಂಡ ಕ್ಷಣವೇ, ಟೈಮ್ ಆಫೀಸಿನ ಸ್ಟೂಲಿನ ಮೇಲೆ ಕುಳಿತಾಗ ಕೇಳಿದ್ದ ಉತ್ತರ ನೆನಪಾಯಿತು. ಮೂವತ್ತೆರಡು ವರ್ಷದಲ್ಲಿ ಯಾರು ಸತ್ತಾಗಲೂ, ಗಡಿಯಾರ ಹಿಡಿದು ನಿಂತು, ಎರಡು ನಿಮಿಷ ತುಂಬಿತೆಂದು ಜನಕ್ಕೆ ಹೇಳುತ್ತಿದ್ದ ಮನುಷ್ಯ ಒಬ್ಬನೇ. ಆ ಮನುಷ್ಯ ಈಗ ಕುರ್ಚಿಯ ಮೇಲೆ ಮಾಲೆ ಹಾಕಿಸಿಕೊಂಡು ಕುಳಿತಿದ್ದ. ಅಲ್ಲಿದ್ದ ಎಲ್ಲರೂ ಅವನು ಹೇಳಲೆಂದೇ ಕಾಯುತ್ತಿದ್ದರು.

ಹತ್ತೂ ಇಪ್ಪತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಆತ್ರಿ," ಎಂದಳು. "ಹೋಗ್ರಿ. ಸಾವಕಾಶ ಹೋಗ್ರಿ."

ಮುನ್ನೂರ ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಹೆಲ್ಮೆಟ್ಟುಗಳು ತಲೆಗೆ ಏರಿದವು. ಯಾರೂ ಗದ್ದಲ ಮಾಡಲಿಲ್ಲ, ಸಾವಕಾಶವಾಗಿಯೇ ಹೋದರು.

ಗಲಗಲಿಯವರ ತುಟಿ ಅಲುಗುತ್ತಿತ್ತು. ಹನ್ನೊಂದು ನಿಮಿಷ, ಮುನ್ನೂರ ನಲವತ್ತು ಜನ, ಅರವತ್ತೆರಡು ತಾಸು ಇಪ್ಪತ್ತು ನಿಮಿಷ. ನದಾಫರು ಹತ್ತಿರ ಬಂದರು.

"ಸರ, ಕರಾರ ಎರಡ ಮಿನಿಟಿಂದು. ಮ್ಯಾಲಿನ ಒಂಬತ್ತ ಮಿನಿಟ ಯಾರದ್ರಿ, ನಿಮ್ದೋ ನಮ್ದೋ?"

ಗಲಗಲಿಯವರು ಕುರ್ಚಿಯ ಕಡೆ ನೋಡಿದರು. ಜೇಬಿನ ಮೂರು ಪೆನ್ನುಗಳನ್ನು ಸುಮ್ಮನೆ ಸರಿಪಡಿಸಿಕೊಂಡರು.

"ಹೂಗಾರರದು," ಎಂದರು. "ಅವರದ ಇರ್ಲಿ ಬಿಡ್ರಿ."

ಹೀಗೆ ತ್ರಿದಿನಘೋರಸಂಗ್ರಾಮ ಮುಗಿದು ಧರೆಯಲ್ಲಿ ಶಾಂತಿ ನೆಲೆಸಿತು. ವಿಜಯಿಗೆ ಸಿಂಹಾಸನವೇನೂ ಬರಲಿಲ್ಲ. ಸೋಮವಾರ ನೋಟಿಸ್ ಬೋರ್ಡಿನ ಮೇಲೆ ಒಂದು ಸರ್ಕ್ಯುಲರ್ ಅಂಟಿತು: ಇನ್ನು ಮುಂದೆ ಮೌನಾಚರಣೆಯ ಮುಕ್ತಾಯವನ್ನು ಘೋಷಿಸುವ ಜವಾಬ್ದಾರಿ ಎಚ್.ಆರ್. ಅಪ್ರೆಂಟಿಸ್‌ನದು. ನೀಲಾಂಬಿಕಾಳ ವೃತ್ತಿಜೀವನದಲ್ಲಿ ಅವಳ ಪಾಲಿಗೆ ಬಂದ ಮೊದಲ ಅಧಿಕಾರ ಅದೇ. ಅವಳ ತರಬೇತಿ ಪುಸ್ತಕದಲ್ಲಿ ಕಾಮತರು "ಸಮಾಧಾನಕರ" ಎಂದು ಒಂದೇ ಪದ ಬರೆದು, ಐದನೆಯ ಸುತ್ತಿಗೆ ಕ್ಯಾಂಟೀನಿಗೆ ಕಳಿಸಿದರು. ಅಲ್ಲಿ ಅವಳಿಗೆ ಒಪ್ಪಿಸಿದ ಮೊದಲ ಕೆಲಸ, ವಾರಕ್ಕೆ ಹನ್ನೆರಡರಂತೆ ಚಮಚಗಳು ಎಲ್ಲಿ ಮಾಯವಾಗುತ್ತಿವೆ ಎಂದು ಪತ್ತೆ ಮಾಡುವುದು.

ಹೇ ಪರಶಿವನೇ, ಗುರುಶಾಂತಪ್ಪ ಹೂಗಾರರ ಆತ್ಮಕ್ಕೆ ಶಾಂತಿ ಕೊಡು. ಊರಿಗೆಲ್ಲ ಹೊತ್ತು ಹೇಳಿ ದಣಿದ ಜೀವ ಅದು. ಹೊತ್ತು ಮೂಡದ, ಹೊತ್ತು ಮುಳುಗದ ನಿನ್ನ ಸನ್ನಿಧಿಯಲ್ಲಿ ಅದನ್ನು ಕೂಡಿಸಿಕೋ, ತಂದೆ.